ಮರದ ಮೇಲಿನ ಫಸಲು, ಮಣೆಯ ಮೇಲಿನ ಸವಾಲು

ಅಡಿಕೆ ತೋಟವನ್ನು ಚೇಣಿಗೆ ಕೊಡುವುದು ನಮ್ಮ ಕಡೆಯ ಹಳೆಯ ವ್ಯವಹಾರ. ಕಾಣದ ಫಸಲಿಗೆ ಬೆಲೆ ಕಟ್ಟುವ ಆ ವಿದ್ಯೆ ಒಂದು ಆಟವಾಗಿ ಮಣೆಯ ಮೇಲೆ ಇಳಿದರೆ ಹೇಗಿರುತ್ತದೆ? ಶಿವಮೊಗ್ಗದ ನವುಲೆಯ ಜಗುಲಿಯೊಂದರಲ್ಲಿ ಹುಣಸೆ ಬೀಜ, ಕವಡೆ, ಹಳೆಯ ಲಗ್ನಪತ್ರಿಕೆಗಳಿಂದ ಹುಟ್ಟಿದ ಹರಾಜಿನ ಆಟ ಇಲ್ಲಿದೆ.

ತೋಟ ನೋಡಲು ಬಂದವರ ಮುಖ ನೋಡಬೇಡ, ಕತ್ತು ನೋಡು ಅನ್ನುತ್ತಾರೆ ಅಪ್ಪ. ಚೇಣಿ ಮಾಡುವವರ ಮುಖದಲ್ಲಿ ಏನೂ ಸಿಗುವುದಿಲ್ಲ. ಫಸಲು ಭರ್ತಿ ಇದ್ದರೂ ಅದೇ ಮುಖ, ಅರ್ಧ ಉದುರಿದ್ದರೂ ಅದೇ ಮುಖ. ಕತ್ತು ಹಾಗಲ್ಲ. ಯಾವ ಸಾಲಿನಲ್ಲಿ ಎಷ್ಟು ಹೊತ್ತು ಹಿಂದಕ್ಕೆ ಬಾಗಿತ್ತು, ಯಾವ ಮರದ ಬುಡದಲ್ಲಿ ಥಟ್ಟನೆ ಕೆಳಗಿಳಿಯಿತು ಎನ್ನುವುದರಲ್ಲಿ ಅವರ ಲೆಕ್ಕವೆಲ್ಲ ಇರುತ್ತದೆ. ಆಷಾಢದ ಜಡಿಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ ನಾನೂ ಹಾಗೆ ನಿಂತು ನೋಡಿದ್ದೇನೆ. ಲುಂಗಿ ಎತ್ತಿ ಕಟ್ಟಿದ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಮಧ್ಯವಯಸ್ಸಿನವರೊಬ್ಬರು ನಮ್ಮ ತೋಟದ ಮೊದಲ ಐದಾರು ಮರಗಳನ್ನು ಕಣ್ಣೆತ್ತಿಯೂ ನೋಡದೆ ದಾಟಿದರು. ರಸ್ತೆ ಬದಿಯ ಮರ ಯಾವ ತೋಟದಲ್ಲೂ ಚೆನ್ನಾಗೇ ಇರುತ್ತದೆ. ನೇರ ಕೆಳಗಿನ ಬಸಿಗಾಲುವೆಯ ಪಕ್ಕಕ್ಕೆ ಹೋಗಿ ನಿಂತರು. ಕತ್ತು ಮೇಲೆ. ಒಂದು, ಎರಡು, ಮೂರು ಗೊನೆ. ಆಮೇಲೆ ಬಗ್ಗಿ, ಬುಡದಲ್ಲಿ ಬಿದ್ದಿದ್ದ ಎಳೆಗಾಯೊಂದನ್ನು ಎತ್ತಿಕೊಂಡು, ತೊಟ್ಟಿನ ಹತ್ತಿರ ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಉಗುರು ಒಳಗೆ ಇಳಿಯಿತು. ಕಾಯಿಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಬಿಟ್ಟು, ಯಾರೂ ನೋಡಲಿಲ್ಲ ಎನ್ನುವ ಹಾಗೆ ಮುಂದಿನ ಸಾಲಿಗೆ ನಡೆದರು.

ಅಪ್ಪ ನೋಡಿದ್ದರು.

ಆವತ್ತು ಸಂಜೆ ನಮ್ಮ ನವುಲೆ ಮನೆಯ ಜಗುಲಿಯಲ್ಲಿ ಅಣ್ಣನ ಮಗಳು, ಆರನೇ ಕ್ಲಾಸಿನ ಹುಡುಗಿ, ಅಜ್ಜನನ್ನು ಕೇಳಿದಳು: “ಅವರು ಎಲ್ಲಾ ಮರಾನೂ ನೋಡಲೇ ಇಲ್ವಲ್ಲ ಅಜ್ಜ. ಸಾವಿರ ಮರ ಇದೆ. ಐವತ್ತೂ ನೋಡಿಲ್ಲ. ಮತ್ತೆ ರೇಟು ಹೆಂಗೆ ಹೇಳಿದ್ರು?”

“ಅದೇ ಆಟ ಕಣೇ ಪುಟ್ಟಿ” ಅಂದರು ಅಪ್ಪ.

ಮಾತಿಗೆ ಹೇಳಿದ್ದು. ಹುಡುಗಿ ಅದನ್ನು ಮಾತಿಗೆ ಬಿಡಲಿಲ್ಲ. ಆಟ ಅಂದರೆ ಮಣೆ ಬೇಕು, ಕಾಯಿ ಬೇಕು, ನಿಯಮ ಬೇಕು. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ನಡೆದದ್ದು ಅದೇ ಕೆಲಸ.

ಚೇಣಿ ಎಂದರೆ

ಪೇಟೆಯ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಕಡೆ ಅಡಿಕೆ ತೋಟ ಇರುವವರೆಲ್ಲ ತಾವೇ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವುದಿಲ್ಲ. ಅದಕ್ಕೆ ಆಳು ಬೇಕು, ಒಲೆ ಬೇಕು, ಹಂಡೆ ಬೇಕು, ಒಣಗಿಸಲು ಕಣ ಬೇಕು, ಮಳೆ ಬಂದಾಗ ಓಡಿಹೋಗಿ ಟಾರ್ಪಾಲು ಹೊದಿಸುವ ನಾಲ್ಕು ಕೈ ಬೇಕು. ಇವೆಲ್ಲ ಇಲ್ಲದವರು ಆ ವರ್ಷದ ಫಸಲನ್ನು ಮರದ ಮೇಲಿರುವಾಗಲೇ ಇನ್ನೊಬ್ಬರಿಗೆ ವಹಿಸುತ್ತಾರೆ. ಅದೇ ಚೇಣಿ. ಕೆಲವು ಕಡೆ ಖೇಣಿ ಅನ್ನುತ್ತಾರೆ. ತೋಟ ನಮ್ಮದೇ, ಮರ ನಮ್ಮದೇ, ಆ ವರ್ಷದ ಕಾಯಿ ಮಾತ್ರ ಅವರದ್ದು.

ಇದರಲ್ಲಿ ಎರಡು ದಾರಿ. ಒಂದು ತೂಕದ ಚೇಣಿ. ಕೊಯ್ದ ಹಸಿ ಅಡಿಕೆಯನ್ನು ತೋಟದಲ್ಲೇ ತೂಗಿ, ಒಂದು ಕ್ವಿಂಟಾಲ್ ಹಸಿಗೆ ಇಷ್ಟು ಕೆ.ಜಿ. ಒಣ ಅಡಿಕೆ ಕೊಡಬೇಕು ಎಂದು ಮಾತಾಡಿಕೊಳ್ಳುವುದು. ಆ ಅಂಕಿ 12, 13ರ ಆಸುಪಾಸಿನಲ್ಲಿ ಆಡುತ್ತದೆ. ಕೇಳಲು ಸಣ್ಣದು. ನೂರು ಕ್ವಿಂಟಾಲ್ ಹಸಿ ಅಡಿಕೆಯಲ್ಲಿ ಅರ್ಧ ಕೆ.ಜಿ. ಆಚೀಚೆಯಾದರೆ 50 ಕೆ.ಜಿ. ಒಣ ಅಡಿಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಇನ್ನೊಂದು ಮರದ ಮೇಲಿನ ಚೇಣಿ. ತೂಕ ಇಲ್ಲ, ತಕ್ಕಡಿ ಇಲ್ಲ. ತೋಟ ಸುತ್ತಿ ನೋಡಿ, ಇಡೀ ಫಸಲಿಗೆ ಒಂದು ಮೊತ್ತ. ಹೆಚ್ಚು ಬಂದರೆ ಚೇಣಿದಾರರ ಭಾಗ್ಯ, ಕಡಿಮೆ ಬಂದರೂ ಅವರದೇ ಹಣೆಬರಹ.

ಸಣ್ಣ ಹಿಡುವಳಿಯವರಿಗೆ ತೂಕದ ಚೇಣಿಯೇ ಸರಿ ಎಂದು ನಾನು ನಂಬುತ್ತೇನೆ. ಊಹೆಯ ಭಾರವನ್ನು ತಕ್ಕಡಿ ಹೊರುತ್ತದೆ. ಆದರೆ ಆಟ ಇರುವುದು ಎರಡನೆಯದರಲ್ಲಿ. ಒಬ್ಬರಲ್ಲ, ಮೂರು ನಾಲ್ಕು ಜನ ಒಂದೇ ತೋಟವನ್ನು ಬೇರೆ ಬೇರೆ ದಿನ ಸುತ್ತಿ ಹೋಗುತ್ತಾರೆ. ಒಬ್ಬೊಬ್ಬರು ನೋಡಿದ ಮರ ಬೇರೆ. ಎಲ್ಲರೂ ಕೇಳುತ್ತಿರುವುದು ಒಂದೇ ಫಸಲನ್ನು, ಆದರೆ ಆ ಫಸಲು ಎಷ್ಟು ಎಂದು ಆ ಹೊತ್ತಿನಲ್ಲಿ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ತೋಟದ ಯಜಮಾನನಿಗೂ ಇಲ್ಲ.

ನಮ್ಮ ತೋಟ ಇರುವುದು ಭದ್ರಾವತಿ ಕಡೆ, ಭದ್ರಾ ನಾಲೆಯ ನೀರು ಹರಿಯುವ ಎರಡು ಎಕರೆ. ಅಜ್ಜನ ಕಾಲದಲ್ಲಿ ಅಲ್ಲಿ ಬತ್ತ ಬೆಳೆಯುತ್ತಿತ್ತು. ಗಿಡದಿಂದ ಗಿಡಕ್ಕೆ 2.7 ಮೀಟರ್, ಅಂದರೆ ಒಂಬತ್ತು ಅಡಿ ಬಿಟ್ಟು ನೆಟ್ಟರೆ ಎಕರೆಗೆ ಸುಮಾರು 550 ಮರ. ನಮ್ಮಲ್ಲಿ ಸಾವಿರದ ಚಿಲ್ಲರೆ. ಪ್ರತಿ ಮರದ ಮೇಲೂ ಒಂದೇ ವಯಸ್ಸಿನದಲ್ಲದ ಎರಡೋ ಮೂರೋ ನಾಲ್ಕೋ ಗೊನೆ. ಅದರ ಮೇಲೆ ಇನ್ನೂ ಮೂರು ತಿಂಗಳ ಮಳೆ, ಗಾಳಿ, ರೋಗ.

ಐವತ್ನಾಲ್ಕು ಚೀಟಿ

ಮೊದಲ ಮಣೆ ಕ್ಯಾಲೆಂಡರಿನ ಹಿಂಬದಿ. ಅದು ಸರಿಹೋಗಲಿಲ್ಲ, ಫ್ಯಾನ್ ಗಾಳಿಗೆ ಮಡಚಿಕೊಳ್ಳುತ್ತಿತ್ತು. ಆಮೇಲೆ ಅತ್ತಿಗೆ ಬೀರುವಿನ ಮೇಲಿಂದ ಹಳೆಯ ಲಗ್ನಪತ್ರಿಕೆಗಳ ಕಟ್ಟನ್ನೇ ಇಳಿಸಿಕೊಟ್ಟರು. ದಪ್ಪ ಕಾಗದ, ಒಂದು ಮುಖದಲ್ಲಿ ಗಣಪತಿ, ಇನ್ನೊಂದು ಮುಖ ಖಾಲಿ. ಅದನ್ನು ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಕತ್ತರಿಸಿ 54 ಚೀಟಿ ಮಾಡಿದೆವು. ಒಂದರಿಂದ ಆರರವರೆಗಿನ ಅಂಕಿ, ಒಂದೊಂದು ಅಂಕಿಗೂ ಒಂಬತ್ತು ಚೀಟಿ. ಅಂಕಿಯ ಬದಲು ಅಷ್ಟು ಅಡಿಕೆ ಗೊನೆ ಬರೆದವಳು ಹುಡುಗಿ. ಆರರ ಚೀಟಿಯಲ್ಲಿ ಮರ ಭಾರಕ್ಕೆ ಸ್ವಲ್ಪ ಬಾಗಿದೆ.

ಆಡುವುದು ಹೀಗೆ. ಚೀಟಿಗಳನ್ನು ಕಲಸಿ, ಒಂಬತ್ತು ಚೀಟಿಯನ್ನು ಮೂರು ಸಾಲಾಗಿ ಬೋರಲು ಹಾಕಿದರೆ ಒಂದು ತೋಟ. ಆಟಕ್ಕೆ ಒಟ್ಟು ಆರು ತೋಟ. ಒಬ್ಬೊಬ್ಬರ ಕೈಗೆ ನೂರು ಹುಣಸೆ ಬೀಜ, ಅದೇ ದುಡ್ಡು. ಒಂದೊಂದು ತೋಟ ಸವಾಲಿಗೆ ಬರುವ ಮುಂಚೆ ಪ್ರತಿಯೊಬ್ಬರೂ ತಮಗೆ ಬೇಕಾದ ಮೂರು ಚೀಟಿಯನ್ನು ಮಾತ್ರ, ಬೇರೆಯವರಿಗೆ ಕಾಣದ ಹಾಗೆ, ಎತ್ತಿ ನೋಡಿ ಹಾಗೇ ಇಡಬೇಕು. ಇದಕ್ಕೆ ನಾವು ತೋಟ ಸುತ್ತುವುದು ಅನ್ನುತ್ತೇವೆ. ಆಮೇಲೆ ಸವಾಲು. ಒಂದು ಸಲ, ಎರಡು ಸಲ, ಮೂರು ಸಲ. ಗೆದ್ದವರು ಬೀಜ ಎಣಿಸಿಟ್ಟು ನಾಲ್ಕು ಕವಡೆ ಬಿಡಬೇಕು. ಚೌಕಾಬಾರದ ಲೆಕ್ಕವೇ. ನಾಲ್ಕೂ ಅಂಗಾತ ಬಿದ್ದು ಚೌಕವಾದರೆ ಧಾರಣೆ ಏರಿತು, ಫಸಲಿನ ಮೇಲೆ ಐದು ಬೀಜ ಹೆಚ್ಚು. ನಾಲ್ಕೂ ಬೋರಲು ಬಿದ್ದು ಬಾರವಾದರೆ ಕೊಳೆರೋಗ ಬಂತು, ಕೆಳಗಿನ ಸಾಲಿನ ಮೂರೂ ಚೀಟಿ ಹೋದವು. ಬೇರೇನು ಬಿದ್ದರೂ ಸಾಧಾರಣ ವರ್ಷ. ಕೊನೆಗೆ ಚೀಟಿ ಮಗುಚಿ, ಗೊನೆ ಎಣಿಸಿ, ಅಷ್ಟು ಬೀಜ ಡಬ್ಬಿಯಿಂದ ತೆಗೆದುಕೊಳ್ಳುವುದು. ಆರು ತೋಟ ಮುಗಿದಾಗ ಯಾರ ಹತ್ತಿರ ಹೆಚ್ಚು ಬೀಜವೋ ಅವರು ಗೆದ್ದರು. ಅಷ್ಟೇ ನಿಯಮ.

ಮೊದಲ ಸಂಜೆಯ ಮೊದಲ ತೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗಿ ಎತ್ತಿ ನೋಡಿದ ಮೂರು ಚೀಟಿ 6, 5, 6. ಅವಳ ಕೆನ್ನೆ ಕೆಂಪೇರಿದ್ದು ನಮಗೆಲ್ಲ ಕಂಡಿತು. ಮೂರಕ್ಕೆ ಹದಿನೇಳು, ಒಂಬತ್ತಕ್ಕೆ ಐವತ್ತೊಂದು ಎಂದು ಅವಳ ಲೆಕ್ಕ. ಅಣ್ಣ ಮೂವತ್ತಕ್ಕೆ ಬಿಟ್ಟ. ನಾನು ಮೂವತ್ತೈದರವರೆಗೆ ಹೋದೆ. ಅಪ್ಪ ನಲವತ್ತಮೂರು ಅಂದು ಅವಳ ಮುಖ ನೋಡಿದರು. “ನಲವತ್ನಾಲ್ಕು” ಅಂದಳು. ಒಂದು ಸಲ, ಎರಡು ಸಲ, ಮೂರು ಸಲ. ಕವಡೆಯಲ್ಲಿ ಚೌಕವೂ ಇಲ್ಲ, ಬಾರವೂ ಇಲ್ಲ. ಚೀಟಿ ಮಗುಚಿದರೆ 35. ಒಂಬತ್ತು ಬೀಜ ಕಳೆದುಕೊಂಡಿದ್ದಳು.

“ನಾನು ನೋಡಿದ್ದು ಚೆನ್ನಾಗೇ ಇತ್ತಲ್ಲ” ಎಂದು ಅಳು ನುಂಗಿಕೊಂಡು ಕೇಳಿದಳು.

“ಅದಕ್ಕೇ ನೀನು ಕೂಗಿದ್ದು” ಅಂದರು ಅಪ್ಪ.

ಈ ಮಾತಿನ ಒಳಗೆ ಇಡೀ ಹರಾಜು ಶಾಸ್ತ್ರವಿದೆ. ಕಟ್ಟಿನಲ್ಲಿರುವ 54 ಚೀಟಿಯ ಮೊತ್ತ 189. ಒಂದು ಚೀಟಿಯ ಸರಾಸರಿ ಮೂರೂವರೆ. ಅವಳು ನೋಡಿದ ಹದಿನೇಳನ್ನು ತೆಗೆದರೆ ಉಳಿದ ಚೀಟಿಗಳ ಸರಾಸರಿ ಇನ್ನೂ ಸ್ವಲ್ಪ ಇಳಿಯುತ್ತದೆ. ಕಾಣದ ಆರು ಚೀಟಿಗೆ ಇಪ್ಪತ್ತು ಹಿಡಿದು, ಕಂಡ ಹದಿನೇಳು ಸೇರಿಸಿದರೆ ತೋಟದ ಬೆಲೆ ಮೂವತ್ತೇಳು. ಐವತ್ತೊಂದು ಯಾವತ್ತೂ ಇರಲಿಲ್ಲ. ಇಷ್ಟಾದರೂ ಅರ್ಧ ಪಾಠ ಮಾತ್ರ. ನಾಲ್ಕು ಜನ ಒಂದೇ ತೋಟ ನೋಡಿದಾಗ ಎಲ್ಲರಿಗಿಂತ ಒಳ್ಳೆಯ ಮರಗಳು ಯಾರ ಕಣ್ಣಿಗೆ ಬಿದ್ದವೋ ಅವರೇ ಎಲ್ಲರಿಗಿಂತ ಹೆಚ್ಚು ಕೂಗುತ್ತಾರೆ. ಹಾಗಾಗಿ ಸವಾಲು ತನ್ನ ಹೆಸರಿಗೆ ನಿಂತಿತೆಂದರೆ ಮಿಕ್ಕ ಮೂವರು ತನ್ನಷ್ಟು ಒಳ್ಳೆಯದನ್ನು ಕಾಣಲಿಲ್ಲ ಎಂದೇ ಅರ್ಥ. ಗೆಲುವಿನೊಳಗೇ ಆ ಸುದ್ದಿ ಇರುತ್ತದೆ. ಕೂಗುವ ಮುಂಚೆಯೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದನ್ನು ಮೊದಲು ಕಾಗದದ ಮೇಲೆ ಬರೆದವರು ಎಣ್ಣೆ ಬಾವಿಗಳ ಎಂಜಿನಿಯರುಗಳು. ಸಮುದ್ರದ ತಳದ ಎಣ್ಣೆಯನ್ನೂ ಯಾರೂ ಕಣ್ಣಾರೆ ನೋಡಿರುವುದಿಲ್ಲ. ಒಂದೊಂದು ಕಂಪನಿಯೂ ತನ್ನ ತಜ್ಞರ ಅಂದಾಜಿನ ಮೇಲೆ ಹರಾಜು ಕೂಗುತ್ತದೆ. ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಯಾಕೆ ಬರುತ್ತಿಲ್ಲ ಎಂದು ಅಮೆರಿಕದ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು 1971ರಲ್ಲಿ ಬರೆದರು. ಗೆದ್ದವನಿಗೆ ತಟ್ಟುವ ಶಾಪ ಎಂದೇ ಅದು ಅರ್ಥಶಾಸ್ತ್ರದಲ್ಲಿ ಹೆಸರಾಯಿತು. ಹರಾಜಿನ ಇಂಥ ಗುಟ್ಟುಗಳನ್ನು ಬಿಡಿಸಿದ ರಾಬರ್ಟ್ ವಿಲ್ಸನ್ ಮತ್ತು ಪಾಲ್ ಮಿಲ್‌ಗ್ರಾಮ್ ಅವರಿಗೆ 2020ರ ಅರ್ಥಶಾಸ್ತ್ರದ ನೊಬೆಲ್ ಬಂತು. ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸಿಗಾಲುವೆಯ ಪಕ್ಕಕ್ಕೆ ನಡೆದವರಿಗೆ ಆ ಲೆಕ್ಕ ಕಾಲಿನಲ್ಲೇ ಇತ್ತು. ತೋಟದ ಅತಿ ಕೆಟ್ಟ ಮೂಲೆ ಯಾವುದೋ ಅಲ್ಲಿಂದ ನೋಡಲು ಶುರುಮಾಡುವುದು ಆ ಶಾಪಕ್ಕೆ ಅವರು ಕಂಡುಕೊಂಡ ಮದ್ದು.

ಕೊಳೆ

ಕವಡೆಯಲ್ಲಿ ಬಾರ ಬಿದ್ದಾಗ ಹೋಗುವುದು ಕೆಳಗಿನ ಸಾಲೇ ಯಾಕೆ ಎಂದು ಆಟ ಕಲಿತವರೆಲ್ಲ ಕೇಳುತ್ತಾರೆ. ನೀರು ನಿಲ್ಲುವುದು ಅಲ್ಲಿ, ಬಿಸಿಲು ಕಡಿಮೆ ಬೀಳುವುದು ಅಲ್ಲಿ. ನಮ್ಮ ತೋಟದಲ್ಲಂತೂ ಕೊಳೆ ಮೊದಲು ಕಾಣುವುದು ಅಲ್ಲೇ.

ಅಡಿಕೆಯವರ ಬಾಯಲ್ಲಿ ಈ ಎರಡಕ್ಷರಕ್ಕೆ ಇರುವಷ್ಟು ಭಯ ಬೇರೆ ಯಾವ ಮಾತಿಗೂ ಇಲ್ಲ. ಬಿಡದೆ ಸುರಿಯುವ ಮಳೆಯಲ್ಲಿ ಎಳೆಗಾಯಿಯ ತೊಟ್ಟಿನ ಹತ್ತಿರ ನೀರಿನಲ್ಲಿ ನೆನೆದಂಥ ಕಡುಹಸಿರು ಮಚ್ಚೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ರಾತ್ರಿಯೆಲ್ಲ ತೋಟದಲ್ಲಿ ಕಾಯಿ ಉದುರುವ ಟಪ್ ಟಪ್ ಸದ್ದು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೆ ಅವರು ಬಳಸಿದ ಹೆಸರು ರೈತರು ಕರೆಯುತ್ತಿದ್ದ ಕೊಳೆರೋಗವೇ. ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳಲ್ಲಿ ಇವತ್ತಿಗೂ ಅದು ಕೊಳೆರೋಗ. ಅವರು ಹೇಳಿಕೊಟ್ಟ ಬೋರ್ಡೋ ದ್ರಾವಣವೂ ಇವತ್ತಿಗೂ ಅದೇ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತದ ನೀಲಿ ಅಪ್ಪನ ಉಗುರಿನ ಸಂದಿಯಲ್ಲಿ ಶ್ರಾವಣದವರೆಗೂ ಇರುತ್ತದೆ.

ಒಂದು ವರ್ಷ ಎರಡನೇ ಸಲ ಹೊಡೆಯಲು ಮಳೆ ಬಿಡುವನ್ನೇ ಕೊಡಲಿಲ್ಲ. ಮರದ ಮೇಲಿನ ಚೇಣಿ ಆಗಲೇ ಮಾತಾಗಿತ್ತು, ಮುಂಗಡ ಕೈಸೇರಿತ್ತು. ಚೇಣಿ ಹಿಡಿದವನು ಹೊಸಬ, ಹುರುಪಿನ ಹುಡುಗ, ಬೇರೆ ಮೂವರಿಗಿಂತ ಬಹಳ ಮೇಲೆ ಹೋಗಿ ಕೇಳಿದ್ದ. ಕೊಯ್ಲು ಮುಗಿದ ಮೇಲೆ ಬಾಕಿ ಹಣದ ಅರ್ಧ ಮಾತ್ರ ಹಿಡಿದುಕೊಂಡು ಬಂದು, ಇದೇ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತ. ಕರಾರಿನ ಪ್ರಕಾರ ಪೂರ್ತಿ ಕೊಡಬೇಕಾಗಿತ್ತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ತರಲು ಹೇಳಿ ಬಂದು, “ನೀನು ಕೂಗಿದ್ದು ತಪ್ಪು, ನಾನು ಒಪ್ಪಿದ್ದೂ ತಪ್ಪು. ಎರಡನೆಯವರು ಎಷ್ಟಕ್ಕೆ ನಿಲ್ಸಿದ್ರೋ ಅಷ್ಟು ಕೊಡಪ್ಪ” ಅಂದರು.

ಅಪ್ಪ ಅರ್ಥಶಾಸ್ತ್ರ ಓದಿದವರಲ್ಲ. ವಿಲಿಯಂ ವಿಕ್ರಿ ಎಂಬ ವಿದ್ವಾಂಸರು 1961ರಲ್ಲಿ ಬರೆದ ಒಂದು ಲೇಖನದಲ್ಲಿ ಅದೇ ಮಾತು ಸಿದ್ಧಾಂತವಾಗಿ ಇದೆ: ಎಲ್ಲರೂ ತಮ್ಮ ಬೆಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಬರೆದು ಕೊಡಲಿ, ಹೆಚ್ಚು ಬರೆದವನಿಗೆ ಮಾಲು ಹೋಗಲಿ, ಆದರೆ ಅವನು ಕೊಡಬೇಕಾದದ್ದು ಎರಡನೆಯವನು ಬರೆದ ಬೆಲೆ. ಹಾಗಿದ್ದಾಗ ತನಗೆ ಮಾಲಿನ ಬೆಲೆ ಎಷ್ಟೆಂದು ಗೊತ್ತಿರುವವನಿಗೆ ಅದನ್ನು ಇದ್ದಂತೆ ಬರೆಯುವುದೇ ಲಾಭ, ಮುಚ್ಚುಮರೆ ಬೇಕಾಗುವುದಿಲ್ಲ. ವಿಕ್ರಿ ಅವರಿಗೆ 1996ರಲ್ಲಿ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ತೀರಿಕೊಂಡರು. ನಮ್ಮ ಆಟದಲ್ಲಿ ಈಗ ಇದೂ ಒಂದು ಬಗೆ. ಮೂರನೇ ತೋಟ ಯಾವಾಗಲೂ ಚೀಟಿ ಬರೆದು ಕೊಡುವ ಸವಾಲು, ಗೆದ್ದವರು ಎರಡನೆಯವರ ಬೆಲೆ ಕೊಟ್ಟರೆ ಸಾಕು. ಹುಡುಗಿ ಅದಕ್ಕೆ ಇಟ್ಟ ಹೆಸರು ‘ಅಜ್ಜನ ಸವಾಲು’.

ಕೂಗು, ಚೀಟಿ, ಗಡಿಯಾರ

ಹರಾಜು ಎಂದರೆ ಒಂದೇ ಬಗೆ ಅಲ್ಲ ಎನ್ನುವುದು ನಮ್ಮ ನಾಡಿನಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ದೇವಸ್ಥಾನದ ಜಮೀನಿನ ಹುಣಸೆ ಮರದ ಫಸಲಿಗೆ ಊರವರು ಸೇರಿ ಕೂಗುವುದು ಬಾಯಿಬಿಟ್ಟ ಸವಾಲು. ಎಲ್ಲರ ಬೆಲೆ ಎಲ್ಲರಿಗೂ ಕೇಳುತ್ತದೆ, ಹಟವೂ ಕೇಳುತ್ತದೆ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಾಡುವುದು ಅದಕ್ಕೆ ಪೂರಾ ಉಲ್ಟಾ, ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗಬಾರದು. ಶಿವಮೊಗ್ಗದ ಎ.ಪಿ.ಎಂ.ಸಿ.ಯಲ್ಲಿ ಅಡಿಕೆಗೆ ನಡೆಯುವುದು ಟೆಂಡರು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಲಾಟು. ವ್ಯಾಪಾರಿಗಳು ಒಂದು ಹಿಡಿ ಎತ್ತಿ ಬಣ್ಣ ನೋಡಿ, ಅಡಕತ್ತರಿಯಲ್ಲಿ ಒಂದೆರಡು ತುಂಡು ಮಾಡಿ ಒಳಗಿನ ಗೆರೆ ನೋಡಿ, ಯಾರಿಗೂ ಹೇಳದೆ ತಮ್ಮ ಬೆಲೆ ಬರೆಯುತ್ತಾರೆ. ಎಳೆಯ ಕಾಯಿಯ ಸರಕಿಗೆ ಮೇಲಿನ ಧಾರಣೆ, ಬಲಿತ ಗೊರಬಲಿಗೆ ಕೆಳಗಿನದು. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ವ್ಯವಸ್ಥೆಗೆ ಜೋಡಿಸುವ ಕೆಲಸ ಶುರುವಾಯಿತು. ಕಾಗದದ ಚೀಟಿ ಕಂಪ್ಯೂಟರಿನೊಳಗೆ ಹೋದರೂ ಅದು ಮುಚ್ಚಿದ ಲಕೋಟೆಯ ಸವಾಲೇ.

ಹೂವಿಗೆ ಇನ್ನೂ ಬೇರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರದಲ್ಲಿ ಗುಲಾಬಿ ಕಟ್ಟುಗಳ ಬೆಲೆ ಹತ್ತುವುದಿಲ್ಲ, ಇಳಿಯುತ್ತದೆ. ಗಡಿಯಾರದಂಥ ಫಲಕದ ಮೇಲೆ ಬೆಲೆ ಮೇಲಿನಿಂದ ಜಾರುತ್ತಾ ಬರುತ್ತದೆ. ಮೊದಲು ಗುಂಡಿ ಒತ್ತಿದವರಿಗೆ ಮಾಲು. ಸಂಜೆಗೆ ಬಾಡುವ ವಸ್ತುವಿಗೆ ಕೂಗಾಡುವಷ್ಟು ಪುರುಸೊತ್ತಿಲ್ಲ. ಹಾಲೆಂಡಿನವರು ಬೆಳೆಸಿದ ಪದ್ಧತಿ ಇದು. ಅದೇ ಹಾಲೆಂಡಿನ ಹಾರ್ಲೆಂ ಪಟ್ಟಣದಲ್ಲಿ 1637ರ ಫೆಬ್ರವರಿಯಲ್ಲಿ ಟ್ಯುಲಿಪ್ ಗಡ್ಡೆಗಳ ಬೆಲೆ ಒಂದೇ ಸಮನೆ ಕುಸಿಯಿತು. ಗಡ್ಡೆ ಚಳಿಗಾಲದಲ್ಲಿ ಮಣ್ಣಿನೊಳಗೆ, ವ್ಯಾಪಾರ ಹೋಟೆಲಿನ ಮೇಜಿನ ಮೇಲೆ. ಎಲ್ಲಕ್ಕಿಂತ ಹೆಚ್ಚು ಬೆಲೆ ಇದ್ದದ್ದು ದಳದ ಮೇಲೆ ಬೆಂಕಿಯಂಥ ಗೆರೆ ಮೂಡುವ ಹೂವಿಗೆ. ಆ ಗೆರೆ ಒಂದು ವೈರಸ್ ರೋಗದ ಗುರುತು ಎಂದು ತಿಳಿದದ್ದು ಹೆಚ್ಚುಕಡಿಮೆ ಮುನ್ನೂರು ವರ್ಷ ಆದ ಮೇಲೆ. ನಮ್ಮವರಾಗಿದ್ದರೆ ಉಗುರಿನಿಂದ ಒತ್ತಿ ನೋಡುತ್ತಿದ್ದರೋ ಏನೋ.

ಯುರೋಪಿನವರು ಇದನ್ನೆಲ್ಲ ಮೇಜಿನ ಆಟಗಳನ್ನಾಗಿ ಮಾಡಿಕೊಂಡಿದ್ದಾರೆ. ಜರ್ಮನಿಯ ರೈನರ್ ಕ್ನಿಜಿಯಾ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಅವರ ‘ಮಾಡರ್ನ್ ಆರ್ಟ್’ 1992ರದು. ಚಿತ್ರಕಲೆಯ ವ್ಯಾಪಾರಿಗಳಾಗಿ ಕೂತ ಆಟಗಾರರು ಅದರಲ್ಲಿ ಐದು ಬಗೆಯ ಹರಾಜು ನಡೆಸುತ್ತಾರೆ. ಬೆಂಗಳೂರಿನ ಗೆಳತಿಯೊಬ್ಬಳು ಆ ಪೆಟ್ಟಿಗೆ ತಂದಿದ್ದಳು. ನವುಲೆಯ ಮನೆಯಲ್ಲಿ ಎರಡು ರಾತ್ರಿ ಅದನ್ನೇ ಆಡಿದೆವು. ಚೆಂದದ ಆಟ. ಬೆಲೆಗಳನ್ನು ಮೊದಲೇ ಯಾರೂ ನಿಗದಿ ಮಾಡಿಲ್ಲ, ಸುತ್ತ ಕೂತವರೇ ಅದನ್ನು ಹುಟ್ಟಿಸುತ್ತಾರೆ. ಆದರೂ ಅಪ್ಪನಿಗೆ ಆ ಚಿತ್ರಗಳಿಗೆ ಯಾಕೆ ಅಷ್ಟು ದುಡ್ಡು ಎನ್ನುವುದು ಕಡೆಯವರೆಗೂ ಮೈಗೆ ಹತ್ತಲಿಲ್ಲ. ಅದೇ ಮನುಷ್ಯ ಲಗ್ನಪತ್ರಿಕೆಯ ಚೀಟಿಯ ಮುಂದೆ ಕೂತರೆ ಕಣ್ಣು ಹೊಳೆಯುತ್ತದೆ. ಗೊನೆ ಅವರಿಗೆ ಗೊತ್ತು. ಕೊಳೆ ಗೊತ್ತು. ಸೋತಾಗ ಏನನ್ನು ಸೋತೆ ಎಂದು ಗೊತ್ತು.

ಮಣೆಯಾಟ ನಮಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಗಳನ್ನೂ ನಿಯಮಗಳನ್ನೂ ಕಟ್ಟುವುದರಲ್ಲೇ ಮುಳುಗಿದ್ದ ಅರಸರು. ಅವರ ಆಟಗಳ ಗುರುತು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈಗಲೂ ಇದೆ. ಹಳೆಯ ಮನೆಗಳ ಜಗುಲಿಕಲ್ಲಿನ ಮೇಲೆ ಹುಲಿ-ಕುರಿಯ ಗೆರೆ ಕೊರೆದಿರುವುದನ್ನು ನೀವೂ ನೋಡಿರುತ್ತೀರಿ. ಅಳಗುಳಿ ಮಣೆಯಲ್ಲಿ ಬೀಜ ಬಿತ್ತುತ್ತಾ ಹೋಗುವುದು ಬೇಸಾಯದ್ದೇ ಚಲನೆ. ಅಂಥ ನಾಡಿನ ಮಕ್ಕಳ ಕೈಗೆ ಇವತ್ತು ಸಿಗುವ ಹೊಸ ಆಟಗಳಲ್ಲಿ ನಮ್ಮ ಬೆಳೆ ಇಲ್ಲ, ನಮ್ಮ ಮಳೆ ಇಲ್ಲ, ನಮ್ಮ ಮಾತು ಇಲ್ಲ ಎನ್ನುವುದು ನನ್ನನ್ನು ನಿಜವಾಗಿ ಕಾಡುತ್ತದೆ. ಚೇಣಿ ಎಂಬ ಪದವನ್ನು ಪಾಠದಲ್ಲಿ ಓದಿ ಮಗು ಮರೆಯುತ್ತದೆ. ಚೇಣಿಯಲ್ಲಿ ಒಂಬತ್ತು ಬೀಜ ಕಳೆದುಕೊಂಡ ಮಗು ಮರೆಯುವುದಿಲ್ಲ.

ಗಳ ಹಿಡಿದು ಅಳೆದವರು

ಕಾಣದ ಫಸಲಿಗೆ ನ್ಯಾಯವಾದ ಬೆಲೆ ಯಾವುದು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಮುನ್ನೂರೈವತ್ತು ವರ್ಷ ಹಿಂದೆಯೇ ಒಬ್ಬ ದೊರೆಯನ್ನು ಹಿಡಿದಿತ್ತು. ಕೆಳದಿಯ ಶಿವಪ್ಪ ನಾಯಕ ಆಳಿದ್ದು 1645ರಿಂದ 1660. ಅವನ ಕಂದಾಯದ ಕಟ್ಟಳೆಗೆ ಶಿಸ್ತು ಎಂದೇ ಹೆಸರು. ಊರೂರಿನಲ್ಲಿ ಒಂದೊಂದು ಬಗೆಯ ಗದ್ದೆಯನ್ನು ಹನ್ನೆರಡು ವರ್ಷ ಸರ್ಕಾರದ ಲೆಕ್ಕದಲ್ಲೇ ಮಾಡಿಸಿ, ಬೀಜ, ಖರ್ಚು, ಫಸಲು, ಬೆಲೆ ಬರೆಸಿಟ್ಟು, ಅದರ ಸರಾಸರಿಯ ಮೇಲೆ ತೆರಿಗೆ ಗೊತ್ತು ಮಾಡಿದ ಎಂದು ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ತೋಟಗಳನ್ನು ಅಳೆದ ಗಳದ ಉದ್ದ 18 ಅಡಿ 6 ಅಂಗುಲ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲುಮೆಟ್ಟಿಲಿನ ಉದ್ದ. ಅಳತೆ ಸುಳ್ಳಾಗಬಾರದು, ಸಂಶಯ ಬಂದರೆ ಯಾರು ಬೇಕಾದರೂ ಹೋಗಿ ಮೆಟ್ಟಿಲಿನ ಪಕ್ಕ ಗಳ ಇಟ್ಟು ನೋಡಬಹುದು. ಒಂದು ವರ್ಷದ ಅದೃಷ್ಟವನ್ನೋ ಒಂದು ಸಾಲಿನ ಚೆಲುವನ್ನೋ ನಂಬದೆ ಹನ್ನೆರಡು ವರ್ಷ ಕಾದದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ನಮ್ಮ ನವುಲೆಯ ಕೃಷಿ ಕಾಲೇಜು ಸೇರಿರುವ ವಿಶ್ವವಿದ್ಯಾಲಯಕ್ಕೆ ಈಗ ಅವನ ಹೆಸರೇ ಇದೆ. ಸವಳಂಗ ರಸ್ತೆಯಲ್ಲಿ ಆ ಫಲಕ ದಾಟಿ ಶಾಲೆಗೆ ಹೋಗುವ ಹುಡುಗಿಗೆ ಗಳದ ಕಥೆ ಹೇಳಿದೆ. ಮಾರನೇ ದಿನ ತೋಟದ ಚೀಟಿಗಳ ಅಂತರವನ್ನು ಅಳೆಯಲು ಒಂದು ಐಸ್‌ಕ್ರೀಂ ಕಡ್ಡಿ ಆಟದ ಡಬ್ಬಿಗೆ ಬಂದು ಸೇರಿತ್ತು.

ಕಾಯುವ ಶಕ್ತಿ ಯಾರಿಗಿದೆ ಎನ್ನುವುದರ ಮೇಲೆ ಹರಾಜು ನಿಂತಿದೆ. ಸಾಲ ಕೊಟ್ಟ ಮಂಡಿಯವರಿಗೇ ಮಾಲು ಹಾಕಬೇಕಾದ ಬೆಳೆಗಾರ ಕಾಯಲಾರ. ಅವನ ಟೆಂಡರು ಬರೆಯುವ ಮುಂಚೆಯೇ ಮುಗಿದಿರುತ್ತದೆ. ಶಿರಸಿಯಲ್ಲಿ 1923ರಲ್ಲಿ ಟಿ.ಎಸ್.ಎಸ್., ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್‌ಕೋಸ್, ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಘಗಳು ಹುಟ್ಟಿದ್ದು ಬೆಳೆಗಾರರು ಆ ಶಕ್ತಿಯನ್ನು ಒಟ್ಟಾಗಿ ಸಂಪಾದಿಸಿಕೊಳ್ಳಲು. ಮಾಲು ಸಂಘದ ಗೋದಾಮಿನಲ್ಲಿ, ಅದರ ಮೇಲೆ ಮುಂಗಡ ಕೈಯಲ್ಲಿ, ಧಾರಣೆ ಬಂದಾಗ ಮಾರಾಟ. ನಮ್ಮ ಆಟಕ್ಕೂ ಇದನ್ನು ತಂದೆವು. ಬೀಜ ಖಾಲಿಯಾದವರು ಇನ್ನೊಬ್ಬ ಆಟಗಾರರ ಹತ್ತಿರ ಸಾಲ ಮಾಡಬಾರದು. ನಡುವಿನ ಸಂಘದ ಡಬ್ಬಿಯಿಂದ ಹತ್ತು ಬೀಜ ತೆಗೆದುಕೊಂಡು, ಮುಂದಿನ ಫಸಲಿನಲ್ಲಿ ಹನ್ನೊಂದು ಹಾಕಬೇಕು. ಈ ನಿಯಮ ಬಂದ ಮೇಲೆ ಆರನೇ ತೋಟದವರೆಗೂ ಎಲ್ಲರೂ ಆಟದಲ್ಲಿ ಉಳಿಯುತ್ತಾರೆ.

ಈ ವರ್ಷದ ಜುಲೈ

ಕೊಡೆಯವರು ಈ ಸಲವೂ ಬಂದರು. ಮೂರು ವರ್ಷದಿಂದ ನಮ್ಮದು ತೂಕದ ಚೇಣಿ, ಮಾತು ಬೇಗ ಮುಗಿಯಿತು. ಕಾಫಿ ಕುಡಿಯುವಾಗ ಜಗುಲಿಯ ಮೂಲೆಯಲ್ಲಿ ಹರಡಿದ್ದ ಚೀಟಿಗಳ ಮೇಲೆ ಅವರ ಕಣ್ಣು ಬಿತ್ತು. “ಇದೇನು ಯಜಮಾನ್ರೇ, ಇಸ್ಪೀಟಾ?” ಅಂದರು. ಅಪ್ಪ ನಕ್ಕು, ಮೊಮ್ಮಗಳ ಕಡೆ ಕೈ ತೋರಿಸಿದರು. ಹುಡುಗಿ ಒಂದೇ ಉಸಿರಿನಲ್ಲಿ ನಿಯಮ ಹೇಳಿ ಒಂಬತ್ತು ಚೀಟಿ ಹಾಸಿದಳು.

ಅವರು ಕಾಲು ಮಡಚಿ ಕೂತರು. ಮೇಲಿನ ಸಾಲನ್ನು ನೋಡಲೇ ಇಲ್ಲ. ಕೆಳಗಿನ ಸಾಲಿನ ಎರಡು, ನಡುವಿನದೊಂದು ಎತ್ತಿ, ಹೆಬ್ಬೆರಳಿನಿಂದ ಮೂಲೆಯನ್ನಷ್ಟೇ ಬಗ್ಗಿಸಿ ನೋಡಿ ಇಟ್ಟರು. ಮುಖದಲ್ಲಿ ಏನೂ ಇಲ್ಲ. ಹುಡುಗಿಯೂ ಕೆಳಗಿನ ಸಾಲಿನಿಂದಲೇ ಶುರುಮಾಡಿದಳು. ಅವಳ ಕೆನ್ನೆಯೂ ಈಗ ಬಣ್ಣ ಬದಲಿಸುವುದಿಲ್ಲ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಅವರು ಇಪ್ಪತ್ತಾರಕ್ಕೆ ಬಂದು ನಿಂತರು. ಅವಳು ಇಪ್ಪತ್ತೇಳು ಅಂದಳು. ಒಂದು ಸಲ, ಎರಡು ಸಲ. ಅವರು ಕತ್ತು ಅಲ್ಲಾಡಿಸಿದರು. ಮೂರು ಸಲ. ಕವಡೆಯಲ್ಲಿ ಸಾಧಾರಣ ವರ್ಷ. ಚೀಟಿ ಮಗುಚಿದರೆ ಇಪ್ಪತ್ತೊಂಬತ್ತು.

“ಎರಡು ಬೀಜ ಲಾಭ. ಸಾಕು, ಅಷ್ಟೇ ಉಳಿಯೋದು” ಅಂದು ಲೋಟ ಕೆಳಗಿಟ್ಟ ಅವರು ಮಣೆಯನ್ನೇ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಇದರಲ್ಲಿ ಮಂಗ ಇಲ್ವಲ್ಲ ಪಾಪು?”

ಹುಡುಗಿ ಅಜ್ಜನ ಮುಖ ನೋಡಿದಳು. ಎದ್ದು ಒಳಗೆ ಓಡಿ ಕತ್ತರಿ, ಪೆನ್ನು, ಉಳಿದಿದ್ದ ಒಂದು ಲಗ್ನಪತ್ರಿಕೆ ತಂದು ಅವರೆದುರು ಕೂತಳು.

“ಮಂಗ ಬಂದ್ರೆ ಎಷ್ಟು ಗೊನೆ ತಿನ್ನುತ್ತೆ?”

“ತಿನ್ನೋದು ಕಮ್ಮಿ” ಅಂದರು ಅವರು, ತೋಟದಲ್ಲಿ ನಿಂತು ಮೇಲೆ ನೋಡುವ ಹಾಗೆ ಕತ್ತೆತ್ತಿ ಜಗುಲಿಯ ಹೆಂಚನ್ನು ನೋಡುತ್ತಾ. “ಎಳೇದನ್ನ ಕಚ್ಚಿ ಕಚ್ಚಿ ಬಿಸಾಕುತ್ತೆ. ಮೇಲಿನ ಸಾಲಲ್ಲಿ ಎರಡು ಬರ್ಕೋ. ಕಾಡಿನ ಕಡೆ ತೋಟ ಆದ್ರೆ ಮೂರು.”

ಅವಳು ಬರೆದುಕೊಂಡಳು.